ಹಗೇವು ತುಂಬಿದ ಮೇಲೆ ಜೋಳ ಎಲ್ಲಿಗೆ ಹೋಗುತ್ತದೆ?

(ಹುಬ್ಬಳ್ಳಿಯ ಉಣಕಲ್ ಕೆರೆಗೆ ಬೆಳಗ್ಗೆ ವಾಕಿಂಗ್ ಬರುವ ಗೆಳೆಯರ ಮುಂದೆ ಒಂದು ಭಾನುವಾರ ಸಂಜೆ ಮಾತಾಡಿದ್ದು. ಬರದವರು ಬರೆದು ಕೊಡಿ ಅಂದರು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳುತ್ತಾ ಬರೆದಿದ್ದೇನೆ. ನಡುನಡುವೆ ನಾನು ಕೆಮ್ಮಿದ್ದು, ಕರೆಂಟ್ ಹೋಗಿದ್ದು ಬಿಟ್ಟಿದ್ದೇನೆ.)

ನಮಸ್ಕಾರ. ಹಿಂದಿನವರಿಗೆ ಕೇಳಿಸ್ತಾ ಇದೆ ಅಲ್ವಾ? ಸರಿ.

ನಾನು ಅನಾಟಮಿ ಕಲಿಸುವವನು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಆದರೆ ಇವತ್ತಿನ ವಿಷಯವನ್ನು ನನಗೆ ಸರಿಯಾಗಿ ಕಲಿಸಿದವರು ದುರ್ಗದಬೈಲ್ ಹತ್ತಿರದ ಒಬ್ಬ ಟೇಲರ್. ಅವರ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಗಿರಾಕಿಗಳ ಅಳತೆಯೆಲ್ಲ ವರ್ಷದಿಂದ ವರ್ಷಕ್ಕೆ ಅದರಲ್ಲಿ ಬರೆದಿಟ್ಟಿದ್ದಾರೆ. ಹೋದ ದಸರಾ ಮುಂದೆ ಪ್ಯಾಂಟ್ ಹೊಲಿಸಲು ಹೋಗಿದ್ದೆ. ಟೇಪ್ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, "ಸರ, ನಿಮ್ಮ ಸೊಂಟ ಹತ್ತು ವರ್ಷದಿಂದ 36 ಐತ್ರಿ, ಬದಲಾಗಿಲ್ಲ" ಅಂದರು. ನನಗೆ ಖುಷಿ. "ಆದ್ರ ಪ್ಯಾಂಟ್ ಕೆಳಗ ಇಳದೈತ್ರಿ. ಮೊದಲ ಹೊಕ್ಕಳದ ಹತ್ರ ಹಾಕೋತಿದ್ರಿ, ಈಗ ಹೊಟ್ಟಿ ಬುಡಕ್ಕ ಕಟ್ಟಾಕತ್ತೀರಿ" ಅಂದವರೇ ಟೇಪನ್ನು ಹೊಕ್ಕುಳ ಮೇಲೆ ಸುತ್ತಿದರು. 40. ತೊಡೆ ಅಳೆದರು. ನೋಟ್‌ಬುಕ್ ನೋಡಿದರು. "ತೊಡಿ ಒಂದೂವರಿ ಇಂಚು ಸಣ್ಣ ಆಗ್ಯಾವ."

ಹೊಟ್ಟೆ ದೊಡ್ಡದು, ತೊಡೆ ಸಣ್ಣದು. ತೂಕ ನೋಡಿದರೆ ಹತ್ತು ವರ್ಷದಲ್ಲಿ ಬರೀ ಮೂರು ಕಿಲೋ ಏರಿದೆ. ತೂಕದ ಮಷೀನಿಗೆ ಈ ಸುದ್ದಿ ಗೊತ್ತೇ ಆಗಿರಲಿಲ್ಲ, ಟೇಪಿಗೆ ಗೊತ್ತಾಯಿತು. ಎಷ್ಟು ಕೊಬ್ಬು ಇದೆ ಅನ್ನೋದಕ್ಕಿಂತ ಎಲ್ಲಿ ಇದೆ ಅನ್ನೋದು ಯಾಕೆ ಜಾಸ್ತಿ ಮುಖ್ಯ? ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಇಲ್ಲಿ ಹಳ್ಳಿ ಕಡೆಯವರು ಜಾಸ್ತಿ ಜನ ಇದ್ದೀರಿ, ಹಗೇವು ನೋಡಿದವರು ಕೈ ಎತ್ತಿ. ಹಾಂ, ಬಹಳ ಜನ ಇದ್ದೀರಿ. ಗಟ್ಟಿ ನೆಲ ನೋಡಿ ಬಾವಿ ಹಾಗೆ ತೋಡಿ, ಸುತ್ತ ಹುಲ್ಲು ಹೊಟ್ಟು ಹಾಕಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಒಳಗಿನ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬರಗಾಲ ಬಂದರೆ ತೆಗೆಯುವುದು. ನಮ್ಮ ದೇಹದ ಹಗೇವು ಅಂದರೆ ಚರ್ಮದ ಕೆಳಗಿನ ಕೊಬ್ಬು.

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ 4. ಜೊತೆಗೆ ಪಿಷ್ಟ ಕೂಡಿಡಬೇಕಾದರೆ ನೀರನ್ನೂ ಹಿಡಿದಿಡಬೇಕು, ಭಾರ. ಅದಕ್ಕೇ ಲಿವರ್, ಸ್ನಾಯು ಎರಡರಲ್ಲೂ ಸೇರಿ ಪಿಷ್ಟ ಇರೋದು ಸುಮಾರು ಅರ್ಧ ಕಿಲೋ, ಒಂದೇ ದಿನದ ಬಾಬತ್ತು. ಮೈಯಲ್ಲಿ 15 ಕಿಲೋ ಕೊಬ್ಬು ಇದ್ದರೆ ಲೆಕ್ಕದ ಪ್ರಕಾರ ಅದು ಹತ್ತಿರ ಹತ್ತಿರ ಎರಡು ತಿಂಗಳ ಇಂಧನ. ಸ್ಕಾಟ್ಲೆಂಡಿನಲ್ಲಿ ಆಂಗಸ್ ಬಾರ್ಬಿಯೆರಿ ಅಂತ ಒಬ್ಬ ಇದ್ದ. 1965ರಿಂದ 66ರವರೆಗೆ 382 ದಿನ ಊಟ ಮಾಡಲಿಲ್ಲ. ಡಾಕ್ಟರುಗಳು ಗಮನ ಇಟ್ಟಿದ್ದರು, ವಿಟಮಿನ್, ನೀರು, ಚಹಾ, ಕಾಫಿ, ಅಷ್ಟೇ. 207 ಕಿಲೋ ಇದ್ದವನು 82ಕ್ಕೆ ಬಂದ. ದಯವಿಟ್ಟು ನೀವ್ಯಾರೂ ಮಾಡಬೇಡಿ, ಏಕಾದಶಿ ಸಾಕು. ಹಗೇವಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ತೋರಿಸಲು ಹೇಳಿದೆ.

ಇನ್ನು ಕೊಬ್ಬಿನ ಕೋಶ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಚೆಂದ ಇರುತ್ತದೆ. ನಡುವೆ ಒಂದೇ ಒಂದು ದೊಡ್ಡ ಎಣ್ಣೆ ಹನಿ, ಕೋಶದ ಉಳಿದ ಸಾಮಾನೆಲ್ಲ ಒಂದು ಅಂಚಿಗೆ ಒತ್ತಿಕೊಂಡಿರುತ್ತದೆ, ಉಂಗುರದ ಹರಳಿನ ಹಾಗೆ. ಹನಿ ಹಿಗ್ಗಿದರೆ ಕೋಶ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ದೊಡ್ಡವರಾದ ಮೇಲೆ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದನ್ನು ಹೇಗೆ ಕಂಡುಹಿಡಿದರು ಗೊತ್ತಾ? 1950, 60ರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬ್ ಸಿಡಿಸಿದವಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಇಂಗಾಲ, ಏರಿತು. ಅದು ಗಿಡಕ್ಕೆ ಹೋಯಿತು, ಗಿಡದಿಂದ ನಮ್ಮ ಊಟಕ್ಕೆ ಬಂತು, ಊಟದಿಂದ ಕೋಶದ ಡಿಎನ್‌ಎಗೆ ಸೇರಿತು. ಗಾಳಿಯಲ್ಲಿ ಅದರ ಮಟ್ಟ ವರ್ಷ ವರ್ಷಕ್ಕೆ ಬೇರೆ, ಹಾಗಾಗಿ ಅದನ್ನು ಅಳೆದರೆ ಕೋಶ ಹುಟ್ಟಿದ ವರ್ಷ ಗೊತ್ತಾಗುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತವರ ಜೊತೆಗಾರರು 2008ರಲ್ಲಿ ಇದನ್ನು ಮಾಡಿದರು. ವರ್ಷಕ್ಕೆ ಸುಮಾರು 10 ಪರ್ಸೆಂಟ್ ಕೊಬ್ಬಿನ ಕೋಶಗಳು ಸಾಯುತ್ತವೆ, ಅಷ್ಟೇ ಹೊಸದು ಹುಟ್ಟುತ್ತವೆ, ಒಟ್ಟು ಲೆಕ್ಕ ಮಾತ್ರ ಸ್ಥಿರ. ತೂಕ ಇಳಿಸಿದರೂ ಕೋಶ ಹೋಗಲ್ಲ, ಖಾಲಿ ಹೊಟ್ಟೆಯಲ್ಲಿ ಕಾಯುತ್ತಾ ಕೂತಿರುತ್ತವೆ.

ಕಾಯುತ್ತಾ ಸುಮ್ನೆ ಕೂರಲ್ಲ, ಮಾತಾಡುತ್ತಾ ಇರುತ್ತವೆ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಲೆಪ್ಟಿನ್ ಕಂಡುಹಿಡಿದರು. ಕೊಬ್ಬಿನ ಕೋಶ ಮೆದುಳಿಗೆ ಕಳಿಸುವ ಚೀಟಿ ಅದು. "ಉಗ್ರಾಣದಲ್ಲಿ ಇಷ್ಟು ಮಾಲು ಇದೆ" ಅಂತ. ಅದು ಕಡಿಮೆಯಾದರೆ ಹಸಿವು ಏರುತ್ತದೆ. ಡಯಟ್ ಮಾಡಿದವರಿಗೆ ಮೂರನೇ ವಾರ ಮಿರ್ಚಿ ಭಜಿಯ ವಾಸನೆ ಓಣಿ ಆಚೆಯಿಂದಲೇ ಮೂಗಿಗೆ ಬಡಿಯುವುದರಲ್ಲಿ ಇದರದ್ದೂ ಕೈವಾಡ ಇದೆ.

ಈಗ ಜಾಗದ ವಿಷಯಕ್ಕೆ ಬರೋಣ. ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ನಾಚಿಕೊಳ್ಳಬೇಡಿ, ಎಲ್ಲರೂ ಹಿಡಿಯಿರಿ. ಕೈಗೆ ಸಿಕ್ಕಿದ್ದು ಚರ್ಮದ ಕೆಳಗಿನ ಕೊಬ್ಬು. ಕೈಗೆ ಸಿಗದೇ ಇರುವುದು ಇನ್ನೊಂದಿದೆ. ಕುರಿ ಕೊಯ್ಯುವುದನ್ನು ನೋಡಿದ್ದರೆ ಗೊತ್ತಿರುತ್ತದೆ, ಹೊಟ್ಟೆ ಸೀಳಿದ ತಕ್ಷಣ ಕರುಳಿನ ಮೇಲೆ ಬಲೆ ಹರವಿದ ಹಾಗೆ ಬಿಳಿ ಪದರ ಕಾಣುತ್ತದಲ್ಲ, ಅದು. ನಮಗೂ ಇದೆ. ಜಠರದಿಂದ ಏಪ್ರನ್ ಹಾಗೆ ಕರುಳಿನ ಮುಂದೆ ಇಳಿಬಿದ್ದಿರುತ್ತದೆ, ಒಮೆಂಟಮ್ ಅನ್ನುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೃತದೇಹ ಬಂದಿತ್ತು. ವಯಸ್ಸಾದ ಗಂಡಸು. ಕೈಕಾಲು ಕಡ್ಡಿ. ಹೊಟ್ಟೆ ಮೇಲಿನ ಚರ್ಮ ಬಿಡಿಸಿದಾಗ ಹಳದಿ ಪದರ ಬೆರಳಿನ ಅರ್ಧ ದಪ್ಪವೂ ಇರಲಿಲ್ಲ. ಸಣಕಲು ಮನುಷ್ಯ, ಒಳಗೆಲ್ಲ ಚೊಕ್ಕ ಇರುತ್ತದೆ ಅಂತ ಹುಡುಗರಿಗೆ ಹೇಳಿ ಒಳಗೆ ತೆರೆದೆ. ಒಮೆಂಟಮ್ ಅಂಗೈ ದಪ್ಪ. ಕರುಳಿನ ಮಡಿಕೆ ಮಡಿಕೆಯಲ್ಲೂ ಕೊಬ್ಬು. ಲಿವರ್ ಗಾಢ ಕೆಂಪು ಬದಲು ಹಳದಿ ತಿರುಗಿತ್ತು, ಬೆರಳಿಟ್ಟರೆ ಜಿಡ್ಡು ಜಿಡ್ಡು. ಹುಡುಗರು ನನ್ನ ಮುಖ ನೋಡಿದರು. ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ, ಮುಂದಿನ ಪಾಠಕ್ಕೆ ಹೋಗಿಬಿಟ್ಟೆ.

ಈ ಒಳಗಿನ ಕೊಬ್ಬು ಒಟ್ಟು ಕೊಬ್ಬಿನಲ್ಲಿ ಸಣ್ಣ ಪಾಲು. ಗಂಡಸರಲ್ಲಿ ಹತ್ತರಿಂದ ಇಪ್ಪತ್ತು ಪರ್ಸೆಂಟ್, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಆದರೆ ಇದರ ಬಹುಪಾಲು ರಕ್ತ ಒಂದು ದೊಡ್ಡ ರಕ್ತನಾಳದಲ್ಲಿ ನೇರ ಲಿವರಿಗೆ ಹೋಗುತ್ತದೆ. ಚರ್ಮದ ಕೆಳಗಿನದು ಹಾಗಲ್ಲ, ಇಡೀ ಊರು ಸುತ್ತಿ ಹೋಗುತ್ತದೆ. ಒಳಗಿನ ಕೊಬ್ಬಿಗೆ ಕರಗುವ ಅವಸರವೂ ಜಾಸ್ತಿ. ಕರಗಿದ್ದೆಲ್ಲ ಲಿವರಿನ ಬಾಗಿಲಿಗೆ ಬಂದು ನಿಲ್ಲುತ್ತದೆ.

ಹೊಟ್ಟೆ ಬೊಜ್ಜು ಬೇರೆ, ತೊಡೆ ಬೊಜ್ಜು ಬೇರೆ ಅಂತ ಮೊದಲು ಸ್ಪಷ್ಟವಾಗಿ ಬರೆದವರು ಫ್ರಾನ್ಸಿನ ಮಾರ್ಸೇ ಊರಿನ ಡಾಕ್ಟರ್ ಜಾನ್ ವಾಗ್, 1947ರಲ್ಲಿ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎಲ್ಲ ಹೊಟ್ಟೆ ಬೊಜ್ಜಿನ ಜೊತೆ ಬರುತ್ತವೆ ಅಂದರು. ಬಹಳ ವರ್ಷ ಯಾರೂ ಅಷ್ಟು ಕಿವಿಗೊಡಲಿಲ್ಲ.

(ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ನಿಂತರು. "ಸರ, ನಮಗ್ಯಾಕ ಎಲ್ಲಾ ಸೊಂಟಕ್ಕ, ತೊಡಿಗೇ ಹೋಗ್ತೈತಿ? ಈಗ ಎರಡು ವರ್ಷದಿಂದ ಹೊಟ್ಟಿಗೂ ಬರಾಕತ್ತೈತಿ.")

ಅಕ್ಕಾರ, ಒಂದೇ ಪ್ರಶ್ನೆಯಲ್ಲಿ ಎರಡು ಪಾಠ ಕೇಳಿದ್ರಿ. ಹುಡುಗಿ ದೊಡ್ಡವಳಾದಾಗಿಂದ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಕೊಬ್ಬನ್ನು ಸೊಂಟ, ತೊಡೆ, ಹಿಂಭಾಗಕ್ಕೆ ಕಳಿಸುತ್ತದೆ. ಅಲ್ಲಿನ ಕೋಶಗಳ ಮೇಲೆ "ಬಿಡಬೇಡ" ಅನ್ನುವ ಗುಂಡಿಗಳು ಜಾಸ್ತಿ, "ಬಿಡು" ಅನ್ನುವ ಗುಂಡಿಗಳು ಕಡಿಮೆ. ಹೊಟ್ಟೆಯ ಕೋಶಗಳಲ್ಲಿ ಉಲ್ಟಾ. ಹಾಗಾಗಿ ಉಪವಾಸ ಮಾಡಿದರೆ ಮುಖ, ಹೊಟ್ಟೆ ಮೊದಲು ಇಳಿಯುತ್ತವೆ, ತೊಡೆ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಅದು ಬೇರೆ ಕೆಲಸಕ್ಕೆ ತೆಗೆದಿಟ್ಟ ಗಂಟು. ಎದೆಹಾಲು ಕುಡಿಸುವಾಗ ಆ ಗಂಟು ಬಿಚ್ಚಿಕೊಳ್ಳುತ್ತದೆ, ತೊಡೆಯ ಕೊಬ್ಬು ಆಗ ಸಲೀಸಾಗಿ ಕರಗುತ್ತದೆ. ಬಾಣಂತಿಗೆ ಅಂಟಿನುಂಡಿ ಮೇಲೆ ಅಂಟಿನುಂಡಿ ತಿನ್ನಿಸಿ ಹಾಸಿಗೆ ಮೇಲೇ ಕೂರಿಸಿದರೆ ಮಾತ್ರ ಕರಗಿದ್ದಕ್ಕಿಂತ ಬಂದದ್ದೇ ಜಾಸ್ತಿ ಆಗುತ್ತದೆ. ನಮ್ಮವ್ವನಿಗೆ ಹೇಳಿ ಬೈಸಿಕೊಂಡಿದ್ದೇನೆ. ಇನ್ನು ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಕೊಬ್ಬು ಗಂಡಸರ ದಾರಿ ಹಿಡಿದು ಹೊಟ್ಟೆಗೆ ಬರುತ್ತದೆ. ತೂಕ ಏರದೆ ಇದ್ದರೂ ಬರುತ್ತದೆ. ನಿಮ್ಮ ತಪ್ಪೇನಿಲ್ಲ, ಆದರೆ ಗಮನ ಇಡಬೇಕಾದ ಕಾಲ ಅದು.

ಸೊಂಟ ತೊಡೆಯ ಕೊಬ್ಬು ಕೆಟ್ಟದ್ದಾ? ನೋಡಲು ಇಷ್ಟ ಇಲ್ಲದೆ ಇರಬಹುದು, ಆದರೆ ಅದು ಒಳ್ಳೆಯ ಹಗೇವು. ಬಂದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಚೆಲ್ಲುವುದಿಲ್ಲ. ಇದನ್ನು ನಂಬಲು ನನಗೂ ಹೊತ್ತು ಹಿಡಿಯಿತು. ಯಾಕೆ ನಂಬಿದೆ ಅಂತ ಹೇಳುತ್ತೇನೆ.

ಕೆಲವರಿಗೆ ಹುಟ್ಟಿನಿಂದಲೇ ಚರ್ಮದ ಕೆಳಗೆ ಕೊಬ್ಬೇ ಇರುವುದಿಲ್ಲ. ಲಿಪೋಡಿಸ್ಟ್ರಫಿ ಅನ್ನುತ್ತಾರೆ, ಬಹಳ ಅಪರೂಪ. ನರ, ಸ್ನಾಯು ಎಲ್ಲ ಎದ್ದು ಕಾಣುತ್ತವೆ, ಪೈಲ್ವಾನರ ಮೈ ಹಾಗೆ. ಕೊಬ್ಬೇ ಕಾಯಿಲೆಗೆ ಮೂಲ ಆಗಿದ್ದರೆ ಇವರಷ್ಟು ಆರೋಗ್ಯವಂತರು ಇನ್ಯಾರೂ ಇರಬಾರದಿತ್ತು ಅಲ್ವಾ? ಆದರೆ ಇವರಿಗೆ ಸಣ್ಣ ವಯಸ್ಸಿಗೇ ಜೋರು ಸಕ್ಕರೆ ಕಾಯಿಲೆ ಬರುತ್ತದೆ, ಲಿವರ್ ತುಂಬ ಕೊಬ್ಬು. ಹಗೇವೇ ಇಲ್ಲದ ಮನೆಗೆ ಗಾಡಿಗಟ್ಟಲೆ ಜೋಳ ಬಂದ ಹಾಗೆ. ಮೊದಲು ಪಡಸಾಲೆಯಲ್ಲಿ ಚೀಲ ಒಟ್ಟುತ್ತಾರೆ, ಆಮೇಲೆ ಅಡುಗೆಮನೆಯಲ್ಲಿ, ದೇವರ ಮನೆಯಲ್ಲಿ. ಓಡಾಡಲು ಜಾಗ ಇಲ್ಲ, ಒಲೆ ಹಚ್ಚಲು ಜಾಗ ಇಲ್ಲ. ಲಿವರ್, ಸ್ನಾಯು, ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್ ಇವೆಲ್ಲ ಅಡುಗೆಮನೆಗಳು, ಉಗ್ರಾಣ ಅಲ್ಲ. ಲಿವರಿನಲ್ಲಿ 5 ಪರ್ಸೆಂಟ್ ದಾಟಿ ಕೊಬ್ಬು ಸೇರಿದರೆ ಅದಕ್ಕೆ ಫ್ಯಾಟಿ ಲಿವರ್ ಅಂತ ಹೆಸರು. ಅಲ್ಲಿಂದ ಇನ್ಸುಲಿನ್ ಹೇಳಿದ ಮಾತು ಲಿವರಿಗೆ ಕೇಳಿಸುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಪಯೋಗ್ಲಿಟಜೋನ್ ಅಂತ ಒಂದು ಸಕ್ಕರೆ ಮಾತ್ರೆ ಇದೆ, ನಿಮ್ಮಲ್ಲಿ ಕೆಲವರು ತಗೊಳ್ಳುತ್ತಿರಬಹುದು. ಅದನ್ನು ತಗೊಂಡವರ ತೂಕ ಏರುತ್ತದೆ, ಸಕ್ಕರೆ ಇಳಿಯುತ್ತದೆ. ಅದು ಚರ್ಮದ ಕೆಳಗೆ ಹೊಸ ಕೊಬ್ಬಿನ ಕೋಶ ತಯಾರಾಗಲು ಹೇಳುತ್ತದೆ. ಹಗೇವು ದೊಡ್ಡದಾಗುತ್ತದೆ, ಲಿವರಿನಲ್ಲಿ ಬಿದ್ದಿದ್ದ ಚೀಲಗಳು ಅಲ್ಲಿಗೆ ಹೋಗುತ್ತವೆ. ಮಾತ್ರೆಗೆ ಅದರದ್ದೇ ತೊಂದರೆಗಳೂ ಇವೆ, ಡಾಕ್ಟರನ್ನು ಕೇಳದೆ ಶುರು ಮಾಡುವುದೂ ಬೇಡ, ಬಿಡುವುದೂ ಬೇಡ.

ಹಗೇವನ್ನೇ ತೋಡಿ ಹೊರಗೆ ಹಾಕಿದರೆ? ಅದನ್ನೂ ನೋಡಿದ್ದಾರೆ. ಅಮೆರಿಕದ ಸ್ಯಾಮ್ಯುಯೆಲ್ ಕ್ಲೈನ್ ಮತ್ತವರ ಜೊತೆಯವರು 2004ರಲ್ಲಿ 15 ಹೆಂಗಸರಿಗೆ ಲೈಪೋಸಕ್ಷನ್ ಮಾಡಿಸಿ, ಹೊಟ್ಟೆಯ ಚರ್ಮದ ಕೆಳಗಿಂದ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ ಹತ್ತು ಕಿಲೋ ಕೊಬ್ಬು ತೆಗೆಸಿದರು. ಎರಡೂವರೆ ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿದರು. ಇನ್ಸುಲಿನ್ ಕೆಲಸದಲ್ಲಿ ಏನೂ ಸುಧಾರಣೆ ಇಲ್ಲ, ಬಿಪಿ, ಕೊಲೆಸ್ಟ್ರಾಲಿನಲ್ಲೂ ಇಲ್ಲ. ಹತ್ತು ಕಿಲೋ ಅಷ್ಟನ್ನೂ ನಡೆದು, ಉಂಡದ್ದು ಕಡಿಮೆ ಮಾಡಿ ಇಳಿಸಿದ್ದರೆ ಎಲ್ಲವೂ ಬದಲಾಗುತ್ತಿತ್ತು, ಯಾಕೆಂದರೆ ಆಗ ಒಳಗಿನದ್ದೂ ಲಿವರಿನದ್ದೂ ಮೊದಲೇ ಖಾಲಿಯಾಗುತ್ತದೆ.

ಜಪಾನಿನ ಸುಮೋ ಕುಸ್ತಿಯವರ ಬಗ್ಗೆ ಯಾರೋ ಕೇಳಿದ್ರಿ. ನೂರೈವತ್ತು ಕಿಲೋ ತೂಗುತ್ತಾರೆ, ಅಖಾಡದಲ್ಲಿ ಇರುವಷ್ಟು ದಿನ ಆ ಕೊಬ್ಬು ಹೆಚ್ಚಾಗಿ ಚರ್ಮದ ಕೆಳಗೇ ಇರುತ್ತದೆ, ದಿನಾ ಅಷ್ಟು ತಾಲೀಮು. ಕುಸ್ತಿ ಬಿಟ್ಟ ಮೇಲೆ ಊಟ ಅದೇ, ತಾಲೀಮು ಇಲ್ಲ, ಕೊಬ್ಬು ಒಳಗೆ ಸೇರುತ್ತದೆ, ಸಕ್ಕರೆ ಬರುತ್ತದೆ. ನಮ್ಮ ಗರಡಿಮನೆಯ ಹಳೇ ಪೈಲ್ವಾನರ ಮನೆಗಳಲ್ಲೂ ಇದೇ ಕಥೆ ಕೇಳಿದ್ದೇನೆ. ಬಾದಾಮಿ ಹಾಲು ಬಿಡಲಿಲ್ಲ, ದಂಡ ಬೈಠಕ್ ಬಿಟ್ಟರು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅನ್ನುವ ಡಾಕ್ಟರ್ ಇದಕ್ಕೆ ಒಂದು ಮಾತು ಕೊಟ್ಟಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಮಿತಿ ಇರುತ್ತದೆ, ಅದನ್ನು ದಾಟಿದರೆ ಕಾಯಿಲೆ, ಅಂತ. ಒಬ್ಬರ ಹಗೇವು ನೂರು ಚೀಲದ್ದು, ಇನ್ನೊಬ್ಬರದ್ದು ಇಪ್ಪತ್ತು ಚೀಲದ್ದು. ಇಪ್ಪತ್ತರವನು ಇಪ್ಪತ್ತೈದು ತಂದರೆ ಐದು ಚೀಲ ಅಡುಗೆಮನೆಯಲ್ಲಿ. ನೂರರವನು ಅರವತ್ತು ತಂದರೂ ಆರಾಮ. ಕಟ್ಟೆ ಮೇಲೆ ಇಬ್ಬರೂ ಅಕ್ಕಪಕ್ಕ ಕೂತರೆ ನಾವು ಬುದ್ಧಿ ಹೇಳುವುದು ದಪ್ಪಗಿದ್ದವನಿಗೆ. ಟೇಲರ್ ಅವರ ಪರೀಕ್ಷೆಗಳಲ್ಲಿ, ಉಣ್ಣುವುದನ್ನು ಜೋರಾಗಿ ಇಳಿಸಿದಾಗ ಒಂದೇ ವಾರದಲ್ಲಿ ಲಿವರಿನ ಕೊಬ್ಬು ಸುಮಾರು 30 ಪರ್ಸೆಂಟ್ ಇಳಿಯಿತು. ಪ್ಯಾಂಕ್ರಿಯಾಸ್‌ನಿಂದ ಹೋಗಿದ್ದು ಒಂದು ಗ್ರಾಮಿಗೂ ಕಡಿಮೆ. ಅಷ್ಟು ಹೋಗಿದ್ದಕ್ಕೇ ಅದು ಮತ್ತೆ ಕೆಲಸ ಶುರು ಮಾಡಿತು. ಹೆಸರು ನೋಡಿ, ನನಗೆ ಪಾಠ ಹೇಳಿದ ಇಬ್ಬರೂ ಟೇಲರ್‌ಗಳೇ.

ನಮ್ಮವರ ಹಗೇವು ಸಣ್ಣದು. ಇದು ಬೇಜಾರಿನ ಸುದ್ದಿ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು, ಅಕ್ಕಪಕ್ಕ ನಿಂತಿದ್ದು. ಎತ್ತರ, ತೂಕದ ಲೆಕ್ಕ, ಅದೇ ಬಿಎಂಐ, ಇಬ್ಬರದ್ದೂ 22.3. ಮೈಯ ಕೊಬ್ಬು ಯುಡ್ಕಿನ್ ಅವರಲ್ಲಿ 9.1 ಪರ್ಸೆಂಟ್, ಯಾಜ್ಞಿಕ್ ಅವರಲ್ಲಿ 21.2. ಎರಡು ಪಟ್ಟಿಗೂ ಮೇಲೆ! ಹುಟ್ಟಿದಾಗಿಂದಲೇ ಹೀಗೆ. ಪುಣೆ ಸುತ್ತಲ ಹಳ್ಳಿಗಳ ಕೂಸುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳು 3.5. ನಮ್ಮ ಕೂಸುಗಳ ಹೊಟ್ಟೆ, ತೋಳು, ಸ್ನಾಯು ಎಲ್ಲ ಸಣ್ಣದು, ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ತಾಯಿ ಹೊಟ್ಟೆಯಲ್ಲಿ ಸಿಕ್ಕಿದ್ದು ಕಡಿಮೆ ಆದಾಗ ಸ್ನಾಯು ಬಿಟ್ಟು ಕೊಬ್ಬು ಉಳಿಸಿಕೊಂಡ ಹಾಗೆ. ಅದಕ್ಕೇ ನಮ್ಮವರಿಗೆ ಲೆಕ್ಕ ಬೇರೆ ಇಟ್ಟಿದ್ದಾರೆ. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80, ಅದರ ಮೇಲೆ ಹೋದರೆ ಎಚ್ಚರ. ಇಂಚಿನಲ್ಲಿ ಮೂವತ್ತೈದೂವರೆ, ಮೂವತ್ತೊಂದೂವರೆ. ನಾನು 40 ಅಂತ ಆಗಲೇ ಹೇಳಿದೆ, ಮತ್ತೆ ಹೇಳಿಸಬೇಡಿ.

ಇನ್ನು ಚೀಟಿಯಲ್ಲಿ ಬಂದ ಪ್ರಶ್ನೆಗಳು. ಹೊಟ್ಟೆ ವ್ಯಾಯಾಮ ಮಾಡಿದರೆ ಹೊಟ್ಟೆಯದ್ದೇ ಕರಗುತ್ತದಾ? ಇಲ್ಲ. ಟೆನಿಸ್ ಆಟಗಾರರ ಎರಡೂ ಕೈ ಅಳೆದು 1971ರಲ್ಲೇ ನೋಡಿದ್ದಾರೆ. ವರ್ಷಗಟ್ಟಲೆ ಒಂದೇ ಕೈಯಲ್ಲಿ ಬ್ಯಾಟ್ ಬೀಸಿದ್ದಾರೆ, ಸ್ನಾಯು ಆ ಕೈಯಲ್ಲಿ ದಪ್ಪ, ಕೊಬ್ಬಿನ ಪದರ ಎರಡರಲ್ಲೂ ಒಂದೇ. ಟಿವಿಯಲ್ಲಿ ಮಾರುವ ಬೆಲ್ಟು? ಬೆವರು ಬರುತ್ತದೆ, ನೀರು ಕುಡಿದರೆ ವಾಪಸ್. ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ? ಇದು ಒಳ್ಳೆ ಪ್ರಶ್ನೆ. ಬಹಳ ಜನ ಬೆವರಿನಲ್ಲಿ ಅಂತಾರೆ. ಹತ್ತು ಕಿಲೋ ಕೊಬ್ಬು ಉರಿದರೆ 8.4 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಮೂಗು ಬಾಯಿಂದ ಹೋಗುತ್ತದೆ, ಉಳಿದ 1.6 ನೀರಾಗುತ್ತದೆ. ನೀವು ಕೆರೆ ಸುತ್ತ ಸುತ್ತುತ್ತಾ ಬಿಟ್ಟ ಉಸಿರಿನಲ್ಲಿ ಸ್ವಲ್ಪ ಹೊಟ್ಟೆ ಇರುತ್ತದೆ. ಅದನ್ನು ಅಲ್ಲಿನ ಮರಗಳು ಎಳೆದುಕೊಳ್ಳುತ್ತವೆ.

ಕೈಕಾಲು ಸಣ್ಣ, ಹೊಟ್ಟೆ ಮತ್ತು ಮುಖ ಮಾತ್ರ ದುಂಡಗೆ ಆಗುತ್ತಿದೆ ಅಂತ ಒಬ್ಬರು ಬರೆದಿದ್ದಾರೆ. ಮೊಣಕಾಲು ನೋವಿಗೆ, ದಮ್ಮಿಗೆ ಯಾರಾದರೂ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆ ತಗೊಳ್ಳುತ್ತಿದ್ದೀರಾ ನೋಡಿ. ಸ್ಟೀರಾಯ್ಡ್ ಇದ್ದರೆ ಹೀಗೇ ಆಗುತ್ತದೆ. ದಿಢೀರ್ ಬಿಡಬೇಡಿ, ಅದೂ ಅಪಾಯ, ಚೀಟಿ ಬರೆದವರು ಹೋಗುವ ಮುಂದೆ ನನ್ನನ್ನು ನೋಡಿ. ಪೇಡೆ ತಿನ್ನಬಹುದಾ ಅಂತ ಮೂರು ಚೀಟಿ ಬಂದಿವೆ, ಮೂರೂ ಒಂದೇ ಕೈಬರಹ.

(ಮಾತು ಮುಗಿದ ಮೇಲೆ ಟೇಪ್ ಹೊರಗೆ ಬಂತು. ನಮ್ಮ ಟೇಲರ್ ಅವರನ್ನೂ ಕರೆದಿದ್ದೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು ಅಂತ ತೋರಿಸಿದೆ. ಗಂಡಸರು ಸಾಲಾಗಿ ನಿಂತು ಅಳೆಸಿಕೊಂಡರು, ಬಹಳ ಜನ ಹೊಟ್ಟೆ ಒಳಗೆಳೆದುಕೊಂಡು. ಟೇಲರ್ ಮಾತಾಡದೆ ಕಾಯುತ್ತಿದ್ದರು, ಎಷ್ಟು ಹೊತ್ತು ಉಸಿರು ಹಿಡಿಯುತ್ತಾರೆ ಅಂತ.

ಹೆಂಗಸರಿಗೆ ಸೀರೆ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ, ನಿರಿಗೆಯದ್ದೇ ಎರಡು ಇಂಚು ಬರುತ್ತದೆ, ಮನೆಯಲ್ಲಿ ಅಳೆದುಕೊಳ್ಳಿ ಅಂದೆ. ಹಿಂದೆ ಕೂತಿದ್ದ ವಯಸ್ಸಾದ ಅವ್ವ ಒಬ್ಬರು ನಕ್ಕರು. "ಟೇಪ್ ಯಾಕ ಬೇಕೋ ತಮ್ಮಾ, ಲಂಗದ ಲಾಡಿ ಐತಲ್ಲ. ಮದುವ್ಯಾದಾಗ ಗಂಟು ಹಾಕಿದ ಮ್ಯಾಲೆ ಒಂದು ಗೇಣು ಉಳೀತಿತ್ತು. ಈಗ ಗಂಟು ಹಾಕಾಕೇ ಸಾಲವಲ್ದು.")